ಎಂಡಿಎಂಎ, ಸೈಲೋಸೈಬಿನ್ ಪ್ರಯೋಗಗಳಲ್ಲಿ ‘ಬ್ಲೈಂಡಿಂಗ್ ಉಳಿಯಲಿಲ್ಲ’ ಅಂದ್ರೆ ಏನು?

ಶರಾವತಿ_ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸೈಕೆಡೆಲಿಕ್‌ಗಳ (ಎಲ್‌ಎಸ್‌ಡಿ, ಕೆಲವು ಅಣಬೆಗಳಲ್ಲಿರುವ ಸೈಲೋಸೈಬಿನ್‌ನಂಥ, ಮನಸ್ಸಿನ ಅನುಭವವನ್ನೇ ಬದಲಿಸುವ ಮದ್ದುಗಳ) ಸ್ಥಾನ ಹೇಗೆ ಬದಲಾಗುತ್ತಾ ಬಂತು ಅನ್ನೋದರ ಮೇಲೆ ಕನ್ನಡದಲ್ಲೊಂದು ಲೇಖನ ಸಿದ್ಧವಾಗ್ತಿದೆ. ಮೊದಲು ಹಳ್ಳಿಯ ಪೂಜೆ, ಆಮೇಲೆ ಪ್ರಯೋಗಾಲಯ, ಆಮೇಲೆ ಹಿಪ್ಪಿಗಳು, ಇವಕ್ಕೆ ಕಡಿವಾಣ ಹಾಕಿದ 1971ರ ವಿಶ್ವಸಂಸ್ಥೆ ಒಪ್ಪಂದ, ಈಗ ಮತ್ತೆ ಆಸ್ಪತ್ರೆ. ಇಷ್ಟು ಸರಿ. ತೊಡಕಾಗಿರೋದು ಇಲ್ಲಿ: ಎಂಡಿಎಂಎ (‘ಎಕ್ಸ್‌ಟಸಿ’ ಅಂತ ಕರೆಯೋ ಮದ್ದು) ಜೊತೆ ಮಾತಿನ ಚಿಕಿತ್ಸೆ ಪಡೆದ ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ರೋಗಿಗಳಲ್ಲಿ ಶೇ. 71.2 ಮಂದಿ ಪ್ರಯೋಗದ ಕೊನೆಗೆ ಆ ರೋಗದ ಮಾನದಂಡದಿಂದಲೇ ಹೊರಬಂದರು. ಆದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಡಲಿಲ್ಲ. ಬ್ಲೈಂಡಿಂಗ್ ಉಳಿಯಲಿಲ್ಲ ಅಂತ ಎಲ್ಲ ಕಡೆ ಬರೆದಿದ್ದಾರೆ. ಅದನ್ನು ಸಾಮಾನ್ಯ ಓದುಗರಿಗೆ ಹೇಳೋದು ಹೇಗೆ? ಚಿಕಿತ್ಸೆಯ ಕೋಣೆಯಲ್ಲಿ ನಿಜಕ್ಕೂ ಏನು ನಡೆಯುತ್ತೆ? ನಮ್ಮಲ್ಲಿ ಕಾನೂನು ಏನು ಹೇಳುತ್ತೆ?

ಅಂಕಿ_ಸಂಕಿ

ಯಾರಿಗೆ ಮದ್ದು, ಯಾರಿಗೆ ಹುಸಿ ಗುಳಿಗೆ ಅನ್ನೋದು ರೋಗಿಗೂ ಚಿಕಿತ್ಸಕರಿಗೂ ಗೊತ್ತಿರಬಾರದು, ಅದೇ ಬ್ಲೈಂಡಿಂಗ್. ಬಿಪಿ ಮಾತ್ರೆಯಲ್ಲಿ ಇದು ಸುಲಭ. ಗೋಡೆ ಉಸಿರಾಡಿದಂತೆ ಕಾಣಿಸುವ ಮದ್ದಿನಲ್ಲಿ ಗುಟ್ಟು ರಟ್ಟಾಗದೆ ಇರುತ್ತಾ?

ಓದುಗರಿಗೆ ಹೇಳಲು ಒಳ್ಳೆಯ ಉದಾಹರಣೆ 1962ರ ಗುಡ್ ಫ್ರೈಡೇ ಪ್ರಯೋಗ. ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್‌ನಲ್ಲಿ ವಾಲ್ಟರ್ ಪಾನ್ಕೆ 20 ಧರ್ಮಶಾಸ್ತ್ರ ವಿದ್ಯಾರ್ಥಿಗಳನ್ನು ಕೂರಿಸಿ ಅರ್ಧ ಮಂದಿಗೆ ಸೈಲೋಸೈಬಿನ್, ಉಳಿದವರಿಗೆ ನಿಕೋಟಿನಿಕ್ ಆಮ್ಲ ಕೊಟ್ಟರು. ಈ ಆಮ್ಲಕ್ಕೆ ಮುಖ ಕೆಂಪಾಗಿ ಜುಮ್ ಅನ್ನುತ್ತೆ, ಅದನ್ನೇ ನೆಚ್ಚಿಕೊಂಡು ಆರಿಸಿದ್ದು. ಮೊದಲು ಜುಮ್ ಅಂದದ್ದು ಆಮ್ಲ ತಗೊಂಡವರಿಗೆ, ಹಾಗಾಗಿ ಅಸಲಿ ಮದ್ದು ಸಿಕ್ಕಿದ್ದು ತಮಗೇ ಅಂದುಕೊಂಡರು. ಸ್ವಲ್ಪ ಹೊತ್ತಿಗೆ ಆ ಜುಮ್ ಇಳಿಯಿತು, ಅತ್ತ ಉಳಿದ ಹತ್ತು ಮಂದಿಯ ಮುಖ ನೋಡಿದರೇ ಸಾಕಿತ್ತು. ಅಷ್ಟಕ್ಕೆ ಗುಟ್ಟು ಮುಗಿಯಿತು. ಅರವತ್ತು ವರ್ಷವಾದರೂ ಈ ಸಮಸ್ಯೆ ಅಲ್ಲೇ ಇದೆ.

ಈಗ ನಿಮ್ಮ 71.2ಕ್ಕೆ ಬರೋಣ. ಅದರ ಪಕ್ಕದ ಅಂಕಿಯನ್ನು ಪತ್ರಿಕೆಗಳು ಬಿಟ್ಟುಬಿಡುತ್ತವೆ: ಎಂಡಿಎಂಎ ಇಲ್ಲದೆ ಅದೇ ಮಾತಿನ ಚಿಕಿತ್ಸೆ ಪಡೆದ ಗುಂಪಿನಲ್ಲೂ ಶೇ. 47.6 ಮಂದಿ ಮಾನದಂಡದಿಂದ ಹೊರಬಂದರು. ಮದ್ದಿನ ಲೆಕ್ಕಕ್ಕೆ ಹೋಗಬಹುದಾದದ್ದು ನಡುವಿನ ಅಂತರ ಮಾತ್ರ. ತನಗೆ ಹುಸಿ ಗುಳಿಗೆ ಸಿಕ್ಕಿದೆ ಅಂತ ಗೊತ್ತಾದವರ ನಿರಾಸೆಯೂ ಆ ಅಂತರವನ್ನು ಹಿಗ್ಗಿಸುತ್ತೆ. ಭಾಗವಹಿಸಿದವರಲ್ಲಿ ಸುಮಾರು ಶೇ. 40 ಮಂದಿ ಹಿಂದೆ ಎಂಡಿಎಂಎ ತಗೊಂಡವರು, ಅಂದ್ರೆ ರುಚಿ ಗೊತ್ತಿದ್ದವರು. 2024ರ ಜೂನ್‌ನಲ್ಲಿ ಎಫ್‌ಡಿಎಯ ಸಲಹಾ ಸಮಿತಿ ‘ಪರಿಣಾಮಕಾರಿ ಅನ್ನಲು ಸಾಕ್ಷ್ಯ ಸಾಲದು’ ಅಂತ 9–2ರಲ್ಲಿ ಮತ ಹಾಕಿತು. ಬ್ಲೈಂಡಿಂಗ್ ಒಂದೇ ಕಾರಣ ಅಂತ ಮಾತ್ರ ಬರೆಯಬೇಡಿ. ಉಲ್ಲಾಸದಂಥ ‘ಹಿತ’ ಪರಿಣಾಮಗಳನ್ನು ಸರಿಯಾಗಿ ದಾಖಲಿಸಿರಲಿಲ್ಲ, ಹಾಗಾಗಿ ಚಟದ ಅಪಾಯ ಅಳೆಯಲು ಬೇಕಾದ ಮಾಹಿತಿಯೇ ಇರಲಿಲ್ಲ. ಹಿಂದಿನ ಹಂತದ ಪ್ರಯೋಗವೊಂದರಲ್ಲಿ ಚಿಕಿತ್ಸಕರೇ ರೋಗಿಯ ಜೊತೆ ಗೆರೆ ದಾಟಿದ ಪ್ರಕರಣವೂ ಇತ್ತು.

ಸೈಲೋಸೈಬಿನ್‌ನವರು ಬೇರೆ ದಾರಿ ಹಿಡಿದರು. 2022ರಲ್ಲಿ ಪ್ರಕಟವಾದ 233 ಮಂದಿಯ ಪ್ರಯೋಗದಲ್ಲಿ ಹುಸಿ ಗುಳಿಗೆಯೇ ಇಲ್ಲ. ಎಲ್ಲರಿಗೂ ಅದೇ ಮದ್ದು, 25, 10 ಅಥವಾ 1 ಮಿಲಿಗ್ರಾಂ. ಮೂರನೇ ವಾರದಲ್ಲಿ ಖಿನ್ನತೆಯ ಅಳತೆ (60 ಅಂಕದ ಮ್ಯಾಡ್ರಸ್ ಪಟ್ಟಿ) ಕ್ರಮವಾಗಿ 12.0, 7.9, 5.4 ಇಳಿಯಿತು. ಹನ್ನೆರಡನೇ ವಾರದವರೆಗೂ ಸುಧಾರಣೆ ಉಳಿಸಿಕೊಂಡವರು 25 ಮಿಲಿಗ್ರಾಂ ಗುಂಪಿನಲ್ಲೂ ಶೇ. 20 ಮಾತ್ರ. ಯಾವ ವಾರದ ಅಂಕಿ ಅಂತ ಹೇಳದ ಸುದ್ದಿಯನ್ನು ನಂಬಬೇಡಿ.

ಮನೋಲಹರಿ

ಕೋಣೆಯ ವಿಚಾರ ನಾನು ಹೇಳ್ತೀನಿ.

ಆರಿಸುವಾಗಲೇ ಬಹಳ ಮಂದಿ ಹೊರಗುಳಿಯುತ್ತಾರೆ: ತಮಗೆ ಅಥವಾ ಹತ್ತಿರದ ಸಂಬಂಧಿಕರಿಗೆ ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದ್ದವರು, ಬಿಪಿ ಹತೋಟಿಯಲ್ಲಿ ಇಲ್ಲದವರು. ಲಿಥಿಯಂ ತಗೊಳ್ಳುವವರಿಗಂತೂ ಬೇಡವೇ ಬೇಡ, ಫಿಟ್ಸ್ ಬರುವ ಅಪಾಯ. ಹೆಚ್ಚಿನ ಪ್ರಯೋಗಗಳಲ್ಲಿ ಖಿನ್ನತೆಯ ಮಾತ್ರೆಗಳನ್ನು ವೈದ್ಯರ ಉಸ್ತುವಾರಿಯಲ್ಲಿ ಮೆಲ್ಲಗೆ ಇಳಿಸಿ ಕನಿಷ್ಠ ಎರಡು ವಾರ ಖಾಲಿ ಬಿಡ್ತಾರೆ. ಫ್ಲೂಆಕ್ಸೆಟಿನ್ ಮೈಯಿಂದ ಹೋಗಲು ವಾರಗಟ್ಟಲೆ ಬೇಕು, ಅದಕ್ಕೆ ಇನ್ನೂ ಉದ್ದದ ಬಿಡುವು. ಸುದ್ದಿಯಲ್ಲಿ ಬರದ ತೊಂದರೆ ಇಲ್ಲೇ ಇರೋದು. ಮಾತ್ರೆ ನಿಂತ ದಿನಗಳಲ್ಲಿ ಖಿನ್ನತೆ ಮರುಕಳಿಸಬಹುದು, ಆತ್ಮಹತ್ಯೆಯ ಯೋಚನೆ ತಲೆ ಎತ್ತಬಹುದು.

ಮದ್ದು ಕೊಡುವ ದಿನ ಒಂದು ಮಂಚ, ಕಣ್ಣುಪಟ್ಟಿ, ಹೆಡ್‌ಫೋನ್, ಇಬ್ಬರು ಚಿಕಿತ್ಸಕರು. ಅರ್ಧದಿಂದ ಒಂದು ಗಂಟೆಯೊಳಗೆ ಶುರು, ಎರಡು ಮೂರು ಗಂಟೆಗೆ ಉತ್ತುಂಗ, ಆರನೇ ಗಂಟೆ ಹೊತ್ತಿಗೆ ಇಳಿತ. ಆಗಾಗ ಬಿಪಿ ನೋಡ್ತಾರೆ. ಚಿಕಿತ್ಸಕರು ಹೆಚ್ಚು ಮಾತಾಡಲ್ಲ. ಕೈ ಹಿಡಿಯಬಹುದೇ, ಭುಜ ಮುಟ್ಟಬಹುದೇ ಅನ್ನೋದನ್ನು ಹಿಂದಿನ ಭೇಟಿಯಲ್ಲೇ ಮಾತಾಡಿ ಇಟ್ಟಿರಬೇಕು. ಮದ್ದಿನ ಅಮಲಿನಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಮರುದಿನದಿಂದ ಕಂಡದ್ದನ್ನು ಬದುಕಿಗೆ ಹೊಂದಿಸಿಕೊಳ್ಳುವ ಮಾತುಕತೆ. ಎಂಡಿಎಂಎ ಪ್ರಯೋಗದಲ್ಲಿ ಮೂರು ಬಾರಿ ಮದ್ದು ಕೊಟ್ಟರೆ ಅದರ ಸುತ್ತ ಮದ್ದಿಲ್ಲದ ಭೇಟಿಗಳೇ ಹನ್ನೆರಡು. ಖರ್ಚು ಹೋಗೋದು ಅಲ್ಲಿಗೆ, ಗುಳಿಗೆಗಲ್ಲ.

‘ಮೊದಲು ಪೂಜೆ’ ಅಂತ ಒಂದೇ ಮಾತಲ್ಲಿ ದಾಟಬೇಡಿ. ಮೆಕ್ಸಿಕೋದ ಔಹಾಕಾ ಪ್ರಾಂತ್ಯದ ವಾವ್ಟ್ಲಾ ಊರಿನಲ್ಲಿ ಮಸಾಟೆಕ್ ಜನರದ್ದು ರಾತ್ರಿಯ ಆಚರಣೆ. ದೀಪ ಆರಿಸಿದ ಕತ್ತಲು, ಅಣಬೆಯನ್ನು ಜೋಡಿ ಜೋಡಿಯಾಗಿ ತಿನ್ನೋದು, ಬೆಳಗಿನ ಜಾವದವರೆಗೆ ಹಾಡು. ಮದ್ದು ಕೊಡುವವಳೂ ಅಣಬೆ ತಿನ್ನುತ್ತಾಳೆ, ಕ್ಲಿನಿಕ್‌ನಲ್ಲಿ ಚಿಕಿತ್ಸಕ ತಿನ್ನಲ್ಲ. ಆಚರಣೆ ನಡೆಯುತ್ತಿದ್ದುದು ಕಾಯಿಲೆ ಗುಣವಾಗಲಿ ಅಂತ, ದೇವರನ್ನು ಕಾಣಲಿಕ್ಕಲ್ಲ. ಬ್ಯಾಂಕರ್ ಗೋರ್ಡನ್ ವಾಸನ್ 1955ರಲ್ಲಿ ಈ ಆಚರಣೆ ನಡೆಸುತ್ತಿದ್ದ ಮರಿಯಾ ಸಬೀನಾ ಜೊತೆ ಕೂತು, 1957ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬರೆದ. ಅದರ ಹಿಂದೆ ಹಿಪ್ಪಿಗಳ ದಂಡು, ಅವರ ಹಿಂದೆ ಪೊಲೀಸರು. ಆಕೆಯ ಮನೆಗೇ ಬೆಂಕಿ ಬಿತ್ತು. 1962ರಲ್ಲಿ ಸ್ವಿಸ್ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ತಾವು ತಯಾರಿಸಿದ ಸೈಲೋಸೈಬಿನ್ ಗುಳಿಗೆಯನ್ನು ಆಕೆಗೇ ಕೊಟ್ಟರು. ಅಣಬೆಯ ಶಕ್ತಿ ಇದರಲ್ಲೂ ಇದೆ ಅಂತ ಆಕೆ ಒಪ್ಪಿದಳು ಅಂತ ಹಾಫ್‌ಮನ್ ಬರೆದಿದ್ದಾರೆ. ಆದರೆ ಗುಳಿಗೆ ಆಸ್ಪತ್ರೆಗೆ ಬರುವಾಗ ಆ ಹಾಡು, ಆ ಕತ್ತಲು ಹಿಂದೆಯೇ ಉಳಿದವು.

ಗಡಿಬಿಡಿ_ಗುಂಡ

ಇದೆಲ್ಲ ನಮ್ಮ ಸೋಮರಸ ತಾನೇ? ಅವರು ಈಗ ಕಂಡುಹಿಡಿದರಾ?

ಮನೋಲಹರಿ

@ಗಡಿಬಿಡಿ_ಗುಂಡ, ಸೋಮ ಅಂದ್ರೆ ಕೆಂಪು ಟೋಪಿಯ ಅಮಾನಿಟಾ ಅಣಬೆ ಅಂತ 1968ರಲ್ಲಿ ವಾದಿಸಿದ್ದೂ ಇದೇ ವಾಸನ್. ಅದರಲ್ಲಿ ಸೈಲೋಸೈಬಿನ್ ಇಲ್ಲ, ಮಸಿಮಾಲ್ ಇರೋದು, ಅದರ ಕೆಲಸವೇ ಬೇರೆ. ಎಫೆಡ್ರಾ ಅಂತ ವಾದಿಸುವವರೂ ಇದ್ದಾರೆ. ಋಗ್ವೇದದಲ್ಲಿ ಸೋಮವನ್ನು ಕಲ್ಲಿನಿಂದ ಜಜ್ಜಿ, ಉಣ್ಣೆಯಲ್ಲಿ ಸೋಸುವ ವಿವರವಿದೆ, ಗಿಡ ಯಾವುದು ಅನ್ನೋ ವಾದ ಇನ್ನೂ ಮುಗಿದಿಲ್ಲ. ಲೇಖನಕ್ಕೆ ಎರಡು ಸಾಲು ಸಾಕು.

ಕಲಂ_22

ಕಾನೂನು: ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ. ಎಲ್‌ಎಸ್‌ಡಿ 2 ಮಿಲಿಗ್ರಾಂವರೆಗೆ ‘ಅಲ್ಪ’, 100 ಮಿಲಿಗ್ರಾಂ ದಾಟಿದರೆ ‘ವಾಣಿಜ್ಯ ಪ್ರಮಾಣ’: ಕನಿಷ್ಠ 10 ವರ್ಷ ಶಿಕ್ಷೆ, ಜಾಮೀನೂ ಕಷ್ಟ. ಕಿತ್ತಾಟ ಇರೋದು ತೂಕದಲ್ಲಿ. ಎಲ್‌ಎಸ್‌ಡಿ ನೆನೆಸಿದ ಕಾಗದದ ಚೀಟಿಯಲ್ಲಿ ಮದ್ದು ಸುಮಾರು 0.1 ಮಿಲಿಗ್ರಾಂ. ಚೀಟಿ 15 ಮಿಲಿಗ್ರಾಂ ತೂಗಿದರೆ, ಕಾಗದ ಸೇರಿಸಿ ಲೆಕ್ಕ ಹಾಕಿದಾಗ ಏಳೇ ಚೀಟಿಗೆ ಗೆರೆ ದಾಟುತ್ತೆ. ಮಿಶ್ರಣದಲ್ಲಿ ಬೆರೆತ ಇತರ ಪದಾರ್ಥದ ತೂಕವನ್ನೂ ಸೇರಿಸಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿತು. ಸೈಲೋಸೈಬಿನ್ ಇರುವ ಅಣಬೆಗೆ ಇದು ಹೊಂದುತ್ತಾ? ಅಣಬೆ ನೈಸರ್ಗಿಕ ಶಿಲೀಂಧ್ರ, ಮಿಶ್ರಣವಲ್ಲ ಅಂತ ಕೇರಳ ಹೈಕೋರ್ಟ್ 2025ರಲ್ಲಿ ಜಾಮೀನು ಕೊಡುವಾಗ ಹೇಳಿತು. ಅದಕ್ಕೆ ಆಧಾರವಾಗಿ ಹಿಡಿದದ್ದು ಕರ್ನಾಟಕ ಮತ್ತು ಮದ್ರಾಸ್ ಹೈಕೋರ್ಟ್‌ಗಳ ಆದೇಶಗಳನ್ನು. ‘ಅಣಬೆಗೆ ಪರವಾನಗಿ ಸಿಕ್ತು’ ಅಂತ ಇದರ ಅರ್ಥವಲ್ಲ! ಒಳಗಿರುವ ಸೈಲೋಸೈಬಿನ್ ಅಪರಾಧವೇ, ಪ್ರಶ್ನೆ ಎಷ್ಟು ಅನ್ನೋದು ಮಾತ್ರ.

ನಮ್ಮಲ್ಲಿ ಚಿಕಿತ್ಸೆಗೆ ಸಿಗೋದು ಕೆಟಮಿನ್, ಹಳೆಯ ಅರಿವಳಿಕೆ ಮದ್ದು. ಅದೂ ಎನ್‌ಡಿಪಿಎಸ್ ಪಟ್ಟಿಯಲ್ಲಿದೆ, ವೈದ್ಯರ ಉಸ್ತುವಾರಿಯಲ್ಲೇ ಕೊಡೋದು.

ಶರಾವತಿ_ದಡ

ತುಂಬಾ ಉಪಕಾರವಾಯ್ತು. 71.2ರ ಪಕ್ಕದಲ್ಲೇ 47.6 ಹಾಕ್ತೀನಿ. ಒಂದು ಕೊನೆಯ ಅನುಮಾನ: 2025ರ ಮೂರನೇ ಹಂತದ ಸೈಲೋಸೈಬಿನ್ ಫಲಿತಾಂಶದಲ್ಲಿ ಅದೇ ಮ್ಯಾಡ್ರಸ್ ಪಟ್ಟಿಯಲ್ಲಿ ಅಂತರ 3.6 ಅಂಕ. ಇದು ದೊಡ್ಡದಾ, ಸಣ್ಣದಾ?

ಅಂಕಿ_ಸಂಕಿ

ಆರನೇ ವಾರದ ಅಂಕಿ ಅದು, ಈ ಸಲ ಹುಸಿ ಗುಳಿಗೆ ಎದುರು. ಮಾಮೂಲಿ ಖಿನ್ನತೆ ಮಾತ್ರೆಗಳ ಪ್ರಯೋಗಗಳಲ್ಲಿ ಅಂತರ ಎರಡು ಮೂರು ಅಂಕದ ಆಸುಪಾಸು. ಹಾಗೆ ನೋಡಿದರೆ ಸಣ್ಣದಲ್ಲ, ಅದೂ ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆಯಲ್ಲಿ, ಒಂದೇ ಡೋಸ್‌ಗೆ. ಹಿಂದಿನ ಪ್ರಯೋಗದಲ್ಲಿ 1 ಮಿಲಿಗ್ರಾಂ ಎದುರು ಅಂತರ 6.6 ಇತ್ತು, ಮೂರನೇ ವಾರದ್ದು. ಎರಡನ್ನೂ ಒಂದೇ ಸಾಲಿನಲ್ಲಿ ಹೋಲಿಸಬೇಡಿ, ವಾರವೂ ಬೇರೆ, ಎದುರಾಳಿಯೂ ಬೇರೆ.