ಜಿಮ್ ಸ್ಟೈನ್ಸ್: ದುಂಡು ಚೆಂಡಿನವ ಮೊಟ್ಟೆ ಚೆಂಡಿಗೆ ಒಗ್ಗಿದ್ದು ಹೇಗೆ?

ಹೊಸಬ_ಫುಟಿ: ಡಬ್ಲಿನ್‌ನಲ್ಲಿ ಗೇಲಿಕ್ ಫುಟ್‌ಬಾಲ್ (ಐರ್ಲೆಂಡಿನ ದುಂಡು ಚೆಂಡಿನ ಆಟ) ಆಡಿಕೊಂಡಿದ್ದ ಹುಡುಗ ಜಿಮ್ ಸ್ಟೈನ್ಸ್ 1984ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡುವ ಮೆಲ್ಬರ್ನ್ ಕ್ಲಬ್ಬಿಗೆ ಬಂದು 1991ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕ ಗೆದ್ದದ್ದು ಹೇಗೆ? 1987ರಲ್ಲಿ ತಂಡಕ್ಕೆ ಪಂದ್ಯವನ್ನೇ ಕಳೆದ ಆ ತಪ್ಪು ಏನು?

ಗಡಿ_ಗೆರೆ: ಕಷ್ಟವಾಗಿದ್ದು ಒದೆತ. ದುಂಡು ಚೆಂಡನ್ನು ಹೇಗೆ ಬಿಟ್ಟರೂ ನಡೆಯುತ್ತದೆ. ಮೊಟ್ಟೆ ಚೆಂಡಿನ ಮುಖ್ಯ ಒದೆತವಾದ ಡ್ರಾಪ್ ಪಂಟ್‌ನಲ್ಲಿ ಹಾಗಲ್ಲ. ಒದೆಯುವ ಕಾಲಿನ ಕಡೆಯ ಕೈಯೇ ಚೆಂಡನ್ನು ಕೆಳಕ್ಕಿಳಿಸಬೇಕು, ಕೆಳಮೊನೆಗೆ ಪಾದದ ಮೇಲ್ಭಾಗ ತಗಲಬೇಕು, ಆಗ ಚೆಂಡು ಹಿಮ್ಮುಖವಾಗಿ ಸುತ್ತುತ್ತ ನೇರ ಹೋಗುತ್ತದೆ. ತೀರಾ ಎತ್ತರದಿಂದ ಬಿಟ್ಟರೆ ಗಾಳಿಯಲ್ಲೇ ವಾಲಿ, ಒದೆತ ಪಕ್ಕಕ್ಕೆ ಜಾರುತ್ತದೆ. ಓಡುತ್ತ ಪುಟಿಸುವುದೂ ಬೇರೆ: ಗೇಲಿಕ್‌ನಲ್ಲಿ ನಾಲ್ಕು ಹೆಜ್ಜೆಯ ಲೆಕ್ಕ, ಇಲ್ಲಿ 15 ಮೀಟರ್ ಓಡುವಷ್ಟರಲ್ಲಿ ಒಮ್ಮೆ; ಚೆಂಡಿನ ಮುಂದಿನ ಮೊನೆ ತುಸು ಮೇಲಿರದಿದ್ದರೆ ಕೈಗೆ ವಾಪಸ್ ಬರುವುದಿಲ್ಲ. ಇದನ್ನೆಲ್ಲ ಪಳಗಿಸಿಕೊಳ್ಳಲು 1986ರಲ್ಲಿ ಕೆಳಹಂತದ ಪ್ರಾಹ್ರಾನ್ ತಂಡದಲ್ಲಿ ಆಡಿದರು.

ರಕ್_ಹುಚ್ಚ: ಒದೆತಕ್ಕಿಂತ ಮುಖ್ಯ, ದಮ್ಮು. ಚೆಂಡು ಮೇಲೆದ್ದಾಗ ಜಿಗಿದು ತಮ್ಮವರತ್ತ ತಟ್ಟುವ ಆ ಕಾಲದ ರಕ್‌ಮನ್‌ಗಳು ಭಾರಿ ಆಳುಗಳು. ಚೆಂಡು ತಟ್ಟಿ ಬಿಟ್ಟರೆ ಕೆಲಸ ಮುಗಿಯಿತು. ಸುಮಾರು ಎರಡು ಮೀಟರ್ ಎತ್ತರದ ಸ್ಟೈನ್ಸ್ ತಟ್ಟಿದ ಮೇಲೂ ಮಿಡ್‌ಫೀಲ್ಡರ್‌ನಂತೆ ಓಡುತ್ತಿದ್ದರು. ಎದುರಾಳಿ ಹಿಂದೆ ಬಿದ್ದರೆ ಇವರು ಒಂಟಿಯಾಗಿ ಸಿಗುತ್ತಿದ್ದರು, ಮಾರ್ಕ್ (ಒದ್ದ ಚೆಂಡನ್ನು ನೆಲಕ್ಕೆ ಬೀಳದಂತೆ ಹಿಡಿಯುವುದು) ಸಲೀಸು. ಆಡಿದ 264 ಪಂದ್ಯಗಳಲ್ಲಿ 244 ಒಂದೂ ತಪ್ಪದೆ ಸತತ! ನನ್ನ ಲೆಕ್ಕದಲ್ಲಿ ಇದು ಬ್ರೌನ್ಲೋಗಿಂತ ದೊಡ್ಡದು. 1998ರಲ್ಲಿ ಕೈಮೂಳೆ ಮುರಿದ ಮೇಲೇ ಸರಣಿ ನಿಂತದ್ದು.

ಗಡಿ_ಗೆರೆ: 1987ರ ವಿಷಯ ಬಿಟ್ಟುಹೋಯಿತು. ಪ್ರಿಲಿಮಿನರಿ ಫೈನಲ್ (ಗೆದ್ದವರಿಗೆ ಗ್ರ್ಯಾಂಡ್ ಫೈನಲ್, ಅಂದರೆ ಪ್ರಶಸ್ತಿಯ ಪಂದ್ಯ), ಕೊನೆಯ ಕ್ಷಣ, ಮೆಲ್ಬರ್ನ್ 4 ಅಂಕ ಮುಂದೆ. ಹಾಥಾರ್ನ್‌ನ ಗ್ಯಾರಿ ಬಕನಾರಾಗೆ ಫ್ರೀ ಕಿಕ್, ಆದರೆ ದೂರ ಜಾಸ್ತಿ. ಚೆಂಡು ಗೋಲಿನ ಪಕ್ಕದ ಕಂಬಗಳ ನಡುವೆ ಹೋಗಿ ಬಿಹೈಂಡ್ ಆದರೆ ಒಂದೇ ಅಂಕ, ಅದರಿಂದ ಉಪಯೋಗವಿಲ್ಲ. ಆರು ಅಂಕದ ಗೋಲೇ ಬೇಕಿತ್ತು. ಸ್ಟೈನ್ಸ್ ತನ್ನ ಎದುರಾಳಿಯನ್ನು ಹಿಂಬಾಲಿಸುತ್ತ ಒದೆಯುವವನಿಗೂ ಮಾರ್ಕಿಗೂ (ಇಲ್ಲಿ, ಫ್ರೀ ಕಿಕ್ ಸಿಕ್ಕ ಜಾಗ) ನಡುವೆ ಓಡಿಬಿಟ್ಟರು. ಹಾಗೆ ಓಡಬಾರದು; ದಂಡವಾಗಿ ಅಂಪೈರ್ ಒದೆತವನ್ನು 15 ಮೀಟರ್ ಮುಂದಕ್ಕೆ ಕೊಟ್ಟರು, ಗೋಲು. 2 ಅಂಕದಿಂದ ಸೋಲು.

ಹೊಸಬ_ಫುಟಿ: ಅಂದರೆ ಕೈಕಾಲು ಕಲಿತಿತ್ತು, ನಿಯಮ ಇನ್ನೂ ಮೈಗಂಟಿರಲಿಲ್ಲ?

ರಕ್_ಹುಚ್ಚ: ಹೌದು. ಗೇಲಿಕ್‌ನಲ್ಲಿ ಎದುರಾಳಿಯ ಬೆನ್ನು ಬಿಡಬಾರದು, ಆ ಚಾಳಿಯೇ ಮುಳುವಾಯಿತು. ಅಂದಹಾಗೆ ಮರುವರ್ಷವೇ ಆ ದಂಡ 50 ಮೀಟರ್ ಆಯಿತು. ಅದೇ ವರ್ಷ ಮೆಲ್ಬರ್ನ್ ಗ್ರ್ಯಾಂಡ್ ಫೈನಲ್‌ಗೇನೋ ಬಂತು, ಅದೇ ಹಾಥಾರ್ನ್ ಎದುರು 96 ಅಂಕಗಳಿಂದ ಸೋತಿತು. ಪಾಪ, ಸ್ಟೈನ್ಸ್‌ಗೆ ಪ್ರೀಮಿಯರ್‌ಶಿಪ್ ಕೊನೆಗೂ ದಕ್ಕಲಿಲ್ಲ.