ಗಾಳಕ್ಕೆ ಬಿದ್ದ ತೇಡೆ ಕ್ಲೀನ್ ಮಾಡೋದು, ಬೇಯಿಸೋದು ಹೇಗೆ? ಅಕ್ಕನ ಹತ್ರ ಕೇಳಿ

ಗ್ರೂಪ್ ಅಡ್ಮಿನ್: ಗಾಳ ಹಾಕೋ ನಮ್ಮ ಗ್ರೂಪಲ್ಲಿ ಈಗ ತೇಡೆ (ಸಮುದ್ರದ ಮೀಸೆ ಮೀನು, ಕ್ಯಾಟ್‌ಫಿಶ್) ಫೋಟೋನೇ ಜಾಸ್ತಿ, ಕೆಳಗೆ ಕಮೆಂಟು ಮಾತ್ರ "ಬಿಸಾಡಿ ಸಾರ್, ವಾಸನೆ ಮೀನು" ಅಂತ. ಮಲ್ಪೆ ಕಡೆ ಮಾರ್ಕೆಟಲ್ಲಿ ಮೀನು ಕೊಯ್ದು ಕೊಡುವ, ಮಧ್ಯಾಹ್ನ ಮೀನೂಟದ ಹೋಟ್ಲು ನಡೆಸುವ ಅಕ್ಕ ಇವತ್ತು ಉತ್ತರ ಕೊಡ್ತಾರೆ. ಒಂದೊಂದಾಗಿ ಕೇಳಿ.

ಪ್ರಶ್ನೆ (ಬೆಂಗಳೂರಿಂದ): ಅಕ್ಕಾ ನಮಸ್ತೆ. ಕೋಡಿ ಬೇಂಗ್ರೆಲಿ ಹೊಳೆ ಸಮುದ್ರ ಸೇರೋ ಜಾಗದಲ್ಲಿ ರಾಡ್ ಹಾಕಿದ್ವಿ, ಸಿಗಡಿ ಕಟ್ಟಿದ್ದಕ್ಕೆ ಬರೀ ತೇಡೆನೇ ಬಂತು. ಸಂಜೆ ರೂಮಿಗೆ ತಂದು ಸಾರು ಮಾಡಿದ್ರೆ ಒಂಥರಾ ಕೆಸರು ವಾಸನೆ, ಯಾರೂ ತಿನ್ಲಿಲ್ಲ. ಈ ಮೀನೇ ಹೀಗಾ ಅಥವಾ ನಾವು ಏನಾದ್ರೂ ಬಿಟ್ವಾ?

ಉತ್ತರ: ನಮಸ್ತೆ ತಮ್ಮಾ. ಮೀನು ಒಳ್ಳೇದೇ, ಹಿಡಿದ ಮೇಲೆ ಸಂಜೆವರೆಗೆ ಅದನ್ನು ಎಲ್ಲಿ ಇಟ್ಟಿದ್ರಿ ಅಂತ ಮೊದ್ಲು ಹೇಳಿ. ಗಾಳ ಹಾಕೋರು ಹೆಚ್ಚಿನವರು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಸಿ ಕಲ್ಲಿನ ಮೇಲೆ ಬಿಸಿಲಿಗೆ ಇಡ್ತಾರೆ, ಮೈಮೇಲಿನ ಲೋಳೆ, ಒಳಗಿನ ರಕ್ತ, ಹೊಟ್ಟೆಯ ಕಸ ಎಲ್ಲ ಅಲ್ಲೇ ಬಿಸಿಯಾಗಿ ಮಾಂಸಕ್ಕೆ ಇಳೀತದೆ, ಆಮೇಲೆ ಎಷ್ಟು ಮಸಾಲೆ ಹಾಕಿದ್ರೂ ಹೋಗೋದಿಲ್ಲ. ಹಿಡಿದ ಕೂಡ್ಲೇ ತಲೆಗೆ ಒಂದು ಪೆಟ್ಟು ಕೊಟ್ಟು ಕಿವಿರು ಕೊಯ್ದು ಬಕೆಟ್ ನೀರಲ್ಲಿ ಸ್ವಲ್ಪ ಹೊತ್ತು ಇಡಿ, ರಕ್ತ ಎಲ್ಲ ಹೊರಗೆ ಹೋಗ್ತದೆ. ಆಮೇಲೆ ಐಸ್ ಬಾಕ್ಸಿಗೆ. ತೇಡೆಯಲ್ಲಿ ಅರ್ಧ ಕೆಲಸ ನೀರಿನ ಬದಿಯಲ್ಲೇ ಆಗ್ಬೇಕು.

ಮನೆಗೆ ತಂದ ಮೇಲೆ ಲೋಳೆ ತೆಗೀಬೇಕು. ಇದಕ್ಕೆ ಸ್ಕೇಲ್ಸ್ ಇಲ್ಲ, ಬರೀ ಚರ್ಮ, ಅದರ ಮೇಲೆ ದಪ್ಪ ಲೋಳೆ. ಒಲೆ ಬೂದಿ ಸಿಕ್ಕಿದ್ರೆ ಅದರಷ್ಟು ಒಳ್ಳೇದು ಬೇರೆ ಇಲ್ಲ, ಇಲ್ಲಾಂದ್ರೆ ಕಲ್ಲುಪ್ಪು ಹಾಕಿ ಗಸಗಸ ತಿಕ್ಕಿ. ನೀರು ಹಾಕ್ಬೇಡಿ ಮೊದಲು, ಒಣದರಲ್ಲೇ ತಿಕ್ಕಬೇಕು, ಲೋಳೆ ಉಂಡೆಯಾಗಿ ಬರ್ತದೆ, ಆಮೇಲೆ ತೊಳೀರಿ. ಬೂದಿ ಉಪ್ಪು ಎರಡೂ ಇಲ್ಲದಿದ್ರೆ ಬಿಸಿ ನೀರು ಒಂದು ಸುತ್ತು ಎರೆದು ಕತ್ತಿಯ ಹಿಂಬದಿಯಿಂದ ಹೆರೆಯಿರಿ, ಆದ್ರೆ ನೀರಲ್ಲಿ ಬಿಡ್ಬೇಡಿ, ಮೀನು ಬೆಂದುಹೋಗ್ತದೆ.

ಸಣ್ಣದಕ್ಕೆ ಚರ್ಮ ಇರ್ಲಿ. ದೊಡ್ಡದಾದ್ರೆ ತಲೆಯ ಹಿಂದೆ ಸುತ್ತ ಒಂದು ಗೆರೆ ಕೊಯ್ದು ಇಕ್ಕಳದಲ್ಲಿ ಹಿಡಿದು ಬಾಲದ ಕಡೆಗೆ ಎಳೀರಿ, ಬಿಚ್ಚಿಕೊಂಡು ಬರ್ತದೆ. ಚರ್ಮ ಹೋದ ಮೇಲೆ ಎರಡೂ ಬದಿ ನಡುವಲ್ಲಿ ಕಡು ಕೆಂಪು ಮಾಂಸದ ಪಟ್ಟಿ ಕಾಣ್ತದೆ, ನಿಮ್ಮ ಕೆಸರು ವಾಸನೆ ಹೆಚ್ಚಿನದ್ದು ಅಲ್ಲೇ ಇರೋದು, ತೆಳುವಾಗಿ ಕೆತ್ತಿ ತೆಗೆದುಬಿಡಿ. ಹೊಟ್ಟೆ ಸೀಳುವಾಗ ಪಿತ್ತ ಒಡೀಬಾರದು, ಒಡೆದ್ರೆ ಕಹಿ. ಒಳಗೆ ಬೆನ್ನುಮೂಳೆಗೆ ಅಂಟಿಕೊಂಡು ಕಪ್ಪಾದ ರಕ್ತ ಇರ್ತದೆ, ಅದನ್ನು ಚಮಚದಲ್ಲಿ ಹೆರೆದು ತೆಗೀಬೇಕು, ಇದನ್ನು ಮಾತ್ರ ಎಲ್ರೂ ಮರೀತಾರೆ. ಕೊನೆಗೆ ತುಂಡಿಗೆ ಉಪ್ಪು, ಅರಶಿನ, ಹುಣಸೆಹುಳಿ ನೀರು ಸವರಿ ಕಾಲು ಗಂಟೆ ಇಟ್ಟು ಇನ್ನೊಮ್ಮೆ ತೊಳೀರಿ.

ಪ್ರಶ್ನೆ (ಗಂಗೊಳ್ಳಿ): ಅಕ್ಕ, ಮುಳ್ಳು ಮುರಿಯೋದು ಹೇಗೆ? ಬಗ್ಗಿಸಲಿಕ್ಕೆ ನೋಡಿದ್ರೆ ಬಗ್ಗೋದೇ ಇಲ್ಲ.

ಉತ್ತರ: ಬಗ್ಗಿಸ್ಲಿಕ್ಕೇ ಹೋಗ್ಬೇಡಿ. ಬೆನ್ನಲ್ಲಿ ಒಂದು, ಕಿವಿರಿನ ಹಿಂದೆ ಎರಡು ಬದಿ ಒಂದೊಂದು, ಒಟ್ಟು 3. ಹೆದರಿದಾಗ ಅದನ್ನು ನೆಟ್ಟಗೆ ನಿಲ್ಲಿಸಿ ಬುಡದಲ್ಲಿ ಲಾಕ್ ಮಾಡ್ತದೆ, ಸತ್ತ ಮೇಲೂ ಹಾಗೇ ನಿಂತಿರ್ತದೆ. ಅಂಚಲ್ಲಿ ಗರಗಸದ ಹಲ್ಲು ಉಂಟು, ಸುತ್ತಲಿನ ತೆಳು ಚರ್ಮದಲ್ಲಿ ವಿಷ. ಬಾಲದ ಕಡೆ ಇರುವ ಎರಡನೇ ಬೆನ್ನಿನ ರೆಕ್ಕೆ ಮೆತ್ತಗೆ, ಅದರಲ್ಲಿ ಮುಳ್ಳಿಲ್ಲ. ಹುಕ್ ತೆಗೆಯುವ ಮೊದಲೇ ದಪ್ಪ ಬಟ್ಟೆ ಸುತ್ತಿ ಹಿಡಿದು ಕಟಿಂಗ್ ಪ್ಲೇಯರ್‌ನಲ್ಲಿ ಮೂರನ್ನೂ ಬುಡಕ್ಕೆ ಕತ್ತರಿಸಿ. ಕಾಲಲ್ಲಿ ಒತ್ತಿ ಹಿಡಿಯುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ, ಹವಾಯಿ ಚಪ್ಪಲಿ ದಾಟಿ ಬರ್ತದೆ ಅದು. ಕತ್ತರಿಸಿದ ಮುಳ್ಳನ್ನು ಮರಳಲ್ಲಿ ಎಸೀಬೇಡಿ, ಬೆಳಿಗ್ಗೆ ಬಲೆ ಎಳೆಯೋರು, ಮಕ್ಕಳು ಬರಿಗಾಲಲ್ಲಿ ನಡೀತಾರೆ. ಬಾಟ್ಲಿಗೆ ಹಾಕಿ ಮುಚ್ಚಳ ಹಾಕಿ.

ಪ್ರಶ್ನೆ (ಅದೇ ಸದಸ್ಯರು): ಚುಚ್ಚಿದ್ರೆ? ನಮ್ಮಲ್ಲಿ ಸುಣ್ಣ ಹಚ್ತಾರೆ, ಸೀಮೆಎಣ್ಣೆ ಹಾಕ್ತಾರೆ.

ಉತ್ತರ: ಅದೆಲ್ಲ ಬಿಡಿ. ಈ ವಿಷ ಬಿಸಿಗೆ ಕೆಡ್ತದೆ. ಚುಚ್ಚಿದ ಕೈಯನ್ನು ತಡ್ಕೊಳ್ಳುವಷ್ಟು ಬಿಸಿ ನೀರಲ್ಲಿ, 45 ಡಿಗ್ರಿ ಮೀರದ ಹಾಗೆ, 30ರಿಂದ 90 ನಿಮಿಷ ಇಡಿ, ಆರಿದ ಹಾಗೆ ಬದಲಾಯಿಸಿ. ನೀರಿನ ಬಿಸಿ ಚುಚ್ಚದ ಕೈಯಲ್ಲಿ ನೋಡಿ, ಯಾಕೆಂದ್ರೆ ನೋವಿನ ಕೈಗೆ ಗೊತ್ತಾಗದೆ ಸುಟ್ಟುಹೋಗ್ತದೆ. ಕೊಯ್ಯೋದು, ಬಾಯಲ್ಲಿ ಎಳೆಯೋದು, ಬಿಗಿಯಾಗಿ ಹಗ್ಗ ಕಟ್ಟೋದು ಯಾವುದೂ ಮಾಡ್ಬಾರದು. ಬಿಸಿ ನೀರಿಗೆ ನೋವು ಇಳಿದ್ರೂ ಆಸ್ಪತ್ರೆಗೆ ಹೋಗಿ ತೋರಿಸಿ, ಮುಳ್ಳಿನ ಚೂರು ಒಳಗೆ ಉಳಿದ್ರೆ ಕೀವಾಗ್ತದೆ, ಟಿಟಿ ಇಂಜೆಕ್ಷನ್ನೂ ಬೇಕಾಗ್ಬಹುದು. ಎದೆಗೆ, ಹೊಟ್ಟೆಗೆ ಚುಚ್ಚಿದ್ರೆ, ಅಥವಾ ಶುಗರ್ ಇದ್ದವರಿಗೆ ಚುಚ್ಚಿದ್ರೆ ಬಿಸಿ ನೀರು ಅಂತ ಮನೆಯಲ್ಲಿ ಕೂರ್ಬೇಡಿ, ಸೀದಾ ಹೊರಡಿ.

ಪ್ರಶ್ನೆ (ಹೊನ್ನಾವರ): ಬೀಸುಬಲೆಗೆ ಬಿದ್ದ ತೇಡೆ ಬಾಯೊಳಗೆ ಗೋಲಿ ಥರ ಮೊಟ್ಟೆ ಇತ್ತು ಅಕ್ಕಾ. ಇದು ಬೇರೆ ಮೀನಿನ ಮೊಟ್ಟೆ ತಿಂತದಾ?

ಉತ್ತರ: ಇಲ್ಲ ಮಾರಾಯ್ರೆ, ಅದು ಅಪ್ಪ ತೇಡೆ. ಹೆಣ್ಣು ಇಟ್ಟ ಮೊಟ್ಟೆಯನ್ನು ಗಂಡು ಬಾಯಲ್ಲಿ ಇಟ್ಕೊಂಡು ಮರಿ ಆಗುವವರೆಗೆ ಕಾಯ್ತದೆ, ಅಷ್ಟು ದಿನ ಏನೂ ತಿನ್ನೋದಿಲ್ಲ. ಅದಕ್ಕೇ ಗಾಳಕ್ಕೆ ಹಾಗಿರೋದು ಸಿಗೋದು ಅಪರೂಪ, ಬಲೆಗೆ ಮಾತ್ರ ಬರ್ತದೆ. ಬೇರೆ ಮೀನು ಲಕ್ಷಗಟ್ಟಲೆ ಮೊಟ್ಟೆ ಹಾಕಿದ್ರೆ ಇದು ಎಣಿಸಿ ಮುಗಿಸುವಷ್ಟೇ. 1980ರ ದಶಕದಲ್ಲಿ ನಮ್ಮ ಕರಾವಳಿಯಲ್ಲಿ ಪರ್ಸೀನ್ ಬಲೆಗೆ (ಮೀನಿನ ಗುಂಪನ್ನೇ ಸುತ್ತುವರಿದು ಹಿಡಿಯುವ ದೊಡ್ಡ ಬಲೆ) ಇಂಥ ಮೊಟ್ಟೆ ಹೊತ್ತ ಗಂಡುಗಳು ರಾಶಿ ರಾಶಿ ಬಂದು, ಆಮೇಲೆ ತೇಡೆ ಸಿಗೋದೇ ಕಮ್ಮಿ ಆಯ್ತು ಅಂತ ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳೇ ಬರೆದಿಟ್ಟಿದ್ದಾರೆ. ಬಾಯಲ್ಲಿ ಮೊಟ್ಟೆ ಕಂಡ್ರೆ ಜೀವ ಇರುವಾಗಲೇ ನೀರಿಗೆ ಬಿಡಿ, ಅಲುಗಾಡಿಸ್ಬೇಡಿ, ಹೆದರಿ ಉಗುಳಿಬಿಡ್ತದೆ. ಒಂದು ಹೊತ್ತಿನ ಸಾರಿಗೋಸ್ಕರ ಅಷ್ಟೂ ಮರಿ ಹಾಳು ಮಾಡೋದು ನನಗಂತೂ ಮನಸ್ಸು ಬರೋದಿಲ್ಲ.

ಪ್ರಶ್ನೆ (ಮಂಗಳೂರು): ಇಷ್ಟೆಲ್ಲ ಕ್ಲೀನ್ ಮಾಡಿದ ಮೇಲೆ ಯಾವ ಅಡಿಗೆ ಒಳ್ಳೇದಕ್ಕಾ? ಫ್ರೈ ಆಗ್ತದಾ?

ಉತ್ತರ: ಪುಳಿಮುಂಚಿ, ಅಂದ್ರೆ ಹುಳಿ ಮೆಣಸಿನ ಸಾರು. ತೇಡೆಗೆ ನನ್ನ ಪ್ರಕಾರ ಅದೇ ಸೈ, ಮಾಂಸ ಕೊಬ್ಬಿದ್ದು, ತೆಂಗಿನಕಾಯಿ ಹಾಕಿದ್ರೆ ಇನ್ನೂ ಭಾರ ಆಗ್ತದೆ, ಹುಳಿ ಖಾರ ಮುಂದೆ ಇರ್ಬೇಕು. ಒಂದು ಕೆಜಿ ತುಂಡಿಗೆ 15 ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತೆ, ಚಿಟಿಕೆ ಓಮ, ಎಲ್ಲ ಬೇರೆ ಬೇರೆ ಹುರಿದು, ಏಳೆಂಟು ಎಸಳು ಬೆಳ್ಳುಳ್ಳಿ, ಲಿಂಬೆಹಣ್ಣಿನಷ್ಟು ಹುಣಸೆಹುಳಿ, ಅರಶಿನ ಸೇರಿಸಿ ನುಣ್ಣಗೆ ಅರೆಯಿರಿ. ಓಮ ಬಿಡ್ಬೇಡಿ, ವಾಸನೆಗೆ ಅದೇ ಮದ್ದು. ಮಣ್ಣಿನ ಪಾತ್ರೆಯಲ್ಲಿ ತೆಂಗಿನೆಣ್ಣೆ, ನೀರುಳ್ಳಿ, ಶುಂಠಿ, ಸೀಳಿದ ಹಸಿಮೆಣಸು ಬಾಡಿಸಿ ಮಸಾಲೆ ಹಾಕಿ, ಹಸಿ ವಾಸನೆ ಹೋಗಿ ಬದಿಯಲ್ಲಿ ಎಣ್ಣೆ ಬಿಡುವವರೆಗೆ ಕುದಿಸಿ, ಆಮೇಲೆ ಮೀನು. ಮೀನು ಹಾಕಿದ ಮೇಲೆ ಸೌಟು ಮುಟ್ಬೇಡಿ, ಬಟ್ಟೆಯಲ್ಲಿ ಪಾತ್ರೆಯ ಕಂಠ ಹಿಡಿದು ತಿರುಗಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಸಾಕು. ಬೆಳಿಗ್ಗೆ ಮಾಡಿ ರಾತ್ರಿ ಊಟಕ್ಕೆ ತೆಗೆದ್ರೆ ಹುಳಿ ಎಳೆದು ಇನ್ನೂ ರುಚಿ, ಜೊತೆಗೆ ಕುಚ್ಚಲಕ್ಕಿ ಅನ್ನ ಅಥವಾ ನೀರುದೋಸೆ.

ಫ್ರೈ ಆಗ್ತದೆ, ಆದ್ರೆ ಚರ್ಮ ತೆಗೆದು ತೆಳು ತುಂಡು ಮಾಡಿದ್ರೆ ಮಾತ್ರ. ತಲೆ ಸಾರಿಗೆ ಹಾಕಿ, ಕಿವಿರು ಪೂರ್ತಿ ಕಿತ್ತು. ಮತ್ತೊಂದು, ಚರಂಡಿ ನೀರು ಬೀಳುವ ಕಡೆ, ಬಂದರಿನೊಳಗೆ ಬೋಟಿನ ಎಣ್ಣೆ ತೇಲುವ ಕಡೆ ಹಿಡಿದದ್ದನ್ನು ತಿನ್ಬೇಡಿ. ತೇಡೆ ತಳದಲ್ಲಿ ಮೇಯುವ ಮೀನು, ಆ ವಾಸನೆ ಯಾವ ಓಮಕ್ಕೂ ಹೋಗೋದಿಲ್ಲ.

ಪ್ರಶ್ನೆ (ಹ್ಯೂಸ್ಟನ್, ಊರು ಕುಂದಾಪ್ರ): ಅಕ್ಕಾ, ಇಲ್ಲಿ ಗ್ಯಾಲ್ವೆಸ್ಟನ್ ಕಡೆ ಸಮುದ್ರದಲ್ಲಿ ಎರಡು ಥರ ಮೀಸೆ ಮೀನು ಸಿಗತ್ತೆ, ಹಾರ್ಡ್‌ಹೆಡ್, ಗ್ಯಾಫ್‌ಟಾಪ್. ಇಲ್ಲಿಯವರು ಹಾರ್ಡ್‌ಹೆಡ್ ವಾಪಸ್ ಬಿಡ್ತಾರೆ, ಗ್ಯಾಫ್‌ಟಾಪ್ ಕೆಲವರು ತಿಂತಾರೆ. ಗ್ಯಾಫ್‌ಟಾಪಿಗೆ ಬೆನ್ನಿನ ರೆಕ್ಕೆಯಿಂದ ಉದ್ದ ದಾರದ ಹಾಗೆ ಹೊರಗೆ ಬಂದಿರತ್ತೆ, ಮೀಸೆ ನಾಲ್ಕೇ, ಹಾರ್ಡ್‌ಹೆಡ್‌ಗೆ ಆರು. ಲೋಳೆ ಅಂದ್ರೆ ಲೈನ್ ತುಂಬ ಅಂಟಿಕೊಳ್ಳತ್ತೆ. ಬೂದಿ ಎಲ್ಲಿ ತರ್ಲಿ?

ಉತ್ತರ: ಫೋಟೋ ನೋಡಿದೆ, ನಮ್ಮ ತೇಡೆಯ ನೆಂಟನೇ. ಕಲ್ಲುಪ್ಪು ಸಾಕು ನಿಮಗೆ. ಅಷ್ಟು ದೊಡ್ಡ ಮೀನಾದ್ರೆ ಚರ್ಮ ತಿಕ್ಕುತ್ತಾ ಕೂರ್ಬೇಡಿ, ಬೆನ್ನುಮೂಳೆಯ ಎರಡೂ ಬದಿ ಫಿಲೆಟ್ ತೆಗೆದು, ಚರ್ಮ ಬಿಡಿಸಿ, ಕೆಂಪು ಪಟ್ಟಿ ಕೆತ್ತಿ ಮಜ್ಜಿಗೆಯಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಬೂದಿ ಹುಣಸೆ ಮಾಡುವ ಕೆಲಸ ಅದೂ ಮಾಡ್ತದೆ. ಮಣ್ಣಿನ ಪಾತ್ರೆ ಇಲ್ಲದಿದ್ರೆ ದಪ್ಪ ತಳದ ಸ್ಟೀಲ್ ಪಾತ್ರೆ ಆದೀತು, ಅಲ್ಯೂಮಿನಿಯಂ ಮಾತ್ರ ಬೇಡ, ಹುಳಿ ಉಂಟಲ್ಲ. ಫಿಲೆಟ್ ಬೇಗ ಬೇಯ್ತದೆ, ಐದಾರು ನಿಮಿಷಕ್ಕೆ ಒಲೆ ಆರಿಸಿ.