ಶಿವಮೊಗ್ಗದಿಂದ ಕಲಬುರಗಿಗೆ ವರ್ಗ: ಇಬ್ಬರು ಮಕ್ಕಳಿಗೆ ನರ್ಸರಿ ಹೇಗೆ ಆರಿಸೋದು?

ಗಂಟುಮೂಟೆ

2026ರ ಮೇ ಕೊನೆಗೆ ಕಲಬುರಗಿಗೆ ಬರ್ತಿದ್ದೀವಿ. ಆಫೀಸು ಸೂಪರ್ ಮಾರ್ಕೆಟ್ ಅನ್ನೋ ಪೇಟೆ ಹತ್ತಿರ. ಮನೆ ಇನ್ನೂ ಹಿಡಿದಿಲ್ಲ, ಸೇಡಂ ರೋಡ್ ಮತ್ತು ಜೇವರ್ಗಿ ರೋಡ್ ಎರಡೂ ಕಡೆ ನೋಡ್ತಿದ್ದೀವಿ. ಮಗಳು ಹುಟ್ಟಿದ್ದು 2021ರ ನವೆಂಬರ್, ಶಿವಮೊಗ್ಗದಲ್ಲಿ ಈ ವರ್ಷ ಎಲ್‌ಕೆಜಿ ಮುಗಿಸ್ತಾಳೆ. ಮಗ 2023ರ ಅಕ್ಟೋಬರ್. ಅವನಿಗೆ ಪ್ಲೇಹೋಮ್ ಬೇಕಾ, ಅಂಗನವಾಡಿ ಸಾಕಾ? ಶಾಲೆ ನೋಡೋಕೆ ಒಂದೇ ದಿನ ಸಿಗುತ್ತೆ. ಆ ದಿನ ಏನೇನು ನೋಡಬೇಕು? ಶಾಲೆಯ ಹೆಸರು ಬೇಡ, ನೋಡೋ ಕ್ರಮ ಹೇಳಿ ಸಾಕು.

ತೊಗರಿ ನಾಡು

ಶಾಲೆ ನೋಡೂಕಿಂತ ಮೊದಲು ಮಗಳ ವಯಸ್ಸಿನ ಲೆಕ್ಕ ಹಾಕ್ರಿ ಮೇಡಂ. ತೊಡಕು ಇರೋದು ಅಲ್ಲೇ. ರಾಜ್ಯದಾಗ 1ನೇ ತರಗತಿಗೆ ಜೂನ್ 1ಕ್ಕ 6 ವರ್ಷ ತುಂಬಿರಬೇಕು. ಅದರ ಪ್ರಕಾರ ಎಲ್‌ಕೆಜಿಗೆ 4, ಯುಕೆಜಿಗೆ 5. ನಿಮ್ಮ ಮಗಳಿಗೆ ಈ ಜೂನ್‌ಗೆ ನಾಲ್ಕೂವರಿ ಆಗ್ತದ. ಯುಕೆಜಿಗೆ ಹಾಕಿದ್ರ ಈ ವರ್ಷ ಯಾರೂ ಏನೂ ಅನ್ನಂಗಿಲ್ಲ, ಖಾಸಗಿಯವರು ನಗುನಗುತ್ತ ತಗೋತಾರ. ಮುಂದಿನ ಜೂನ್‌ಗೆ ಐದೂವರಿ ವರ್ಷದ ಕೂಸನ್ನ 1ನೇ ತರಗತಿಗೆ ಕರ್ಕೊಂಡು ಹೋದಾಗ ಬಾಗಿಲು ಹಾಕ್ತದ. ಆಗ ಯುಕೆಜಿ ಎರಡನೇ ಸಲ ಓದಿಸಬೇಕಾಗ್ತದ, ಗೆಳತ್ಯಾರೆಲ್ಲ ಮುಂದ ಹೋಗಿರ್ತಾರ.

2025-26ಕ್ಕ ಸರ್ಕಾರ 5 ವರ್ಷ 5 ತಿಂಗಳಿಗೆ ಸಡಿಲ ಮಾಡಿತ್ತು ಖರೆ, ಆದ್ರ ಅದು ಆ ವರ್ಷಕ್ಕಂತ ಮಾಡಿದ್ದು. ಅದನ್ನ ನಂಬಿ ಕೂಡಬ್ಯಾಡ್ರಿ. ಈಗ ಊರೇ ಬದಲಾಗ್ಲಿಕತ್ತದ, ಹೊಸ ಶಾಲಿ, ಹೊಸ ಮಕ್ಕಳು. ಎಲ್‌ಕೆಜಿ ಇನ್ನೊಮ್ಮೆ ಅಂದ್ರ ಆಕಿಗೆ ಗೊತ್ತೂ ಆಗಂಗಿಲ್ಲ. ನನ್ನ ಪ್ರಕಾರ ಇದೇ ವರ್ಷ ಆ ಕೆಲಸ ಮುಗಿಸ್ರಿ.

ಮುಂದ ಕೇಂದ್ರೀಯ ವಿದ್ಯಾಲಯದ ವಿಚಾರ ಇದ್ರ ಅವರ ಲೆಕ್ಕ ಬ್ಯಾರೆ: 1ನೇ ತರಗತಿಗೆ ಮಾರ್ಚ್ 31ಕ್ಕ 6 ತುಂಬಿರಬೇಕು. ನವೆಂಬರ್ ಮಗುವಿಗೆ ಫರಕ್ ಬೀಳಂಗಿಲ್ಲ, ಏಪ್ರಿಲ್-ಮೇ ಮಕ್ಕಳಿಗೆ ಒಂದು ವರ್ಷ ಹೋಗ್ತದ.

ಮನಿ ವಿಷಯ: ಶಾಲಿಯಿಂದ ಮನಿ ಹತ್ತು ನಿಮಿಷದೊಳಗ ಇರ್ಲಿ, ಆಫೀಸು ದೂರ ಆದ್ರೂ ನಡೀತದ. ಏಪ್ರಿಲ್-ಮೇದಾಗ ಇಲ್ಲಿ ಬಿಸಿಲು 42 ಡಿಗ್ರಿ ದಾಟ್ತದ. ಸರ್ಕಾರಿ ಆಫೀಸುಗಳ ಟೈಮೇ ಆ ಎರಡು ತಿಂಗಳು ಬೆಳಿಗ್ಗೆ 8ರಿಂದ 1.30 ಅಂತ ಬದಲಾಗ್ತದ. ಅಂಥ ಬಿಸಿಲಾಗ ವ್ಯಾನ್ ನಾಲ್ಕು ಬಡಾವಣಿ ಸುತ್ತಿ ಕೊನೀಗೆ ನಿಮ್ಮ ಮನಿಗೆ ಬಂದ್ರ ಕೂಸು ಬಾಡಿ ಹೋಗ್ತದ. ವ್ಯಾನ್ ಬೇಕೇ ಬೇಕಂದ್ರ ಅದರ ದಾರಿ ಕೇಳಬ್ಯಾಡ್ರಿ, ನಿಮ್ಮ ಕೂಸು ಎಷ್ಟನೇದಾಗಿ ಇಳೀತದ ಅಂತ ಕೇಳ್ರಿ.

ಬಣ್ಣದ ಬಳಪ

ವಯಸ್ಸಿನ ಬಗ್ಗೆ ಮೇಲಿನವರು ಹೇಳಿದ್ದು ಸರಿ. ನೋಡುವ ದಿನದ ಬಗ್ಗೆ ನಾನು ಬರೆಯುತ್ತೇನೆ.

ಹೋಗಬೇಕಾದ ಹೊತ್ತು ಬೆಳಿಗ್ಗೆ 11ರಿಂದ ಶಾಲೆ ಬಿಡುವವರೆಗೆ, ಅದೂ ಮಾರ್ಚ್ ಕೊನೆಯೊಳಗೆ. ಮೇ ತಿಂಗಳಲ್ಲಿ ಬಂದರೆ ಖಾಲಿ ಕಟ್ಟಡ, ಹೊಸ ಬಣ್ಣ, ಫೀ ಪಟ್ಟಿ ಇಷ್ಟೇ ಕಾಣುತ್ತದೆ. ಮಕ್ಕಳಿಲ್ಲದ ಶಿಶುವಿಹಾರ ನೋಡಿ ಏನೂ ತಿಳಿಯುವುದಿಲ್ಲ.

ಮೊದಲು ತಲೆ ಎಣಿಸಿ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಹೇಳುವ ಅಳತೆ: 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬರು, 3ಕ್ಕಿಂತ ಚಿಕ್ಕವರಾದರೆ 10 ಮಕ್ಕಳಿಗೆ ಒಬ್ಬರು. 30 ಮಕ್ಕಳ ಕೋಣೆ ಕನಿಷ್ಠ 35 ಚದರ ಮೀಟರ್, ಅಂದರೆ ಸುಮಾರು 375 ಚದರ ಅಡಿ. ಹೊರಗೆ ಆಡಲು ಇನ್ನೂ 30 ಚದರ ಮೀಟರ್. ದಿನಕ್ಕೆ 3ರಿಂದ 4 ಗಂಟೆ ಮಾತ್ರ. ಬಾಡಿಗೆ ಮನೆಯ 10x12 ಕೋಣೆ ಬರೀ 120 ಚದರ ಅಡಿ. ಅದರಲ್ಲಿ 25 ಮಕ್ಕಳು ಕೂತಿದ್ದರೆ ಅಲ್ಲಿ ಆಟ ಸಾಧ್ಯವಿಲ್ಲ, ಕೈಕಟ್ಟಿ ಕೂರಿಸುವುದೊಂದೇ ದಾರಿ. ಎಣಿಸುವಾಗ ಆಯಾಗಳನ್ನು ಟೀಚರ್ ಲೆಕ್ಕಕ್ಕೆ ಸೇರಿಸಬೇಡಿ. ಮಗುವನ್ನು ಶೌಚಕ್ಕೆ ಕರೆದೊಯ್ದಾಗ ಕೋಣೆಯಲ್ಲಿ ಯಾರು ಉಳಿಯುತ್ತಾರೆ ಎಂಬುದೇ ಪ್ರಶ್ನೆ.

ಆಮೇಲೆ ಕಟ್ಟಡ. ಮಾಳಿಗೆ ಮೇಲೆ ಪತ್ರಾ (ತಗಡಿನ ಶೀಟು) ಹೊದಿಸಿದ ತರಗತಿ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ, ಈ ಊರಿಗೆ ಅದು ಆಗದು. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಮಧ್ಯಾಹ್ನ ಬರಿಗಾಲಿಡಲು ಆಗುವುದಿಲ್ಲ, ನೀರು ಬಿದ್ದರೆ ಜಾರುತ್ತದೆ. ಒಳಗಿನ ನೆಲಕ್ಕೆ ಅದೇ ಕಲ್ಲು ತಂಪು. ತಗಡಿನ ಜಾರುಬಂಡಿ ಮೇಲೆ ಅಂಗೈ ಹಿಂಬದಿ ಐದು ಸೆಕೆಂಡ್ ಇಟ್ಟು ನೋಡಿ; ನಿಮಗೆ ತಡೆಯದಿದ್ದರೆ ಮಗುವಿನ ತೊಡೆಗೆ ಬೊಬ್ಬೆ ಬರುತ್ತದೆ. ಕರೆಂಟ್ ಹೋದಾಗ ಫ್ಯಾನ್ ಇನ್ವರ್ಟರ್‌ನಲ್ಲಿ ತಿರುಗುತ್ತದೆಯೋ, ಆಫೀಸಿನ ಕಂಪ್ಯೂಟರ್ ಮಾತ್ರವೋ, ಕೇಳಿ.

ಯಾರೂ ನೋಡದ ಜಾಗ ನೆಲದೊಳಗಿನ ನೀರಿನ ಸಂಪು. ಮುಚ್ಚಳ ಸಾಮಾನ್ಯವಾಗಿ ಗೇಟಿನ ಪಕ್ಕ ಅಥವಾ ಮೆಟ್ಟಿಲ ಕೆಳಗಿರುತ್ತದೆ. ಬೀಗ ಇದೆಯೇ, ತಗಡು ತುಕ್ಕು ಹಿಡಿದಿದೆಯೇ ಎಂದು ಬಗ್ಗಿ ನೋಡಿ. ಟ್ಯಾಂಕರ್ ಬಂದು ನೀರು ತುಂಬಿಸಿದ ದಿನ ಮುಚ್ಚಳ ತೆರೆದೇ ಉಳಿಯುತ್ತದೆ, ಆದ್ದರಿಂದ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ ಎಂದೂ ಕೇಳಿ. ಉತ್ತರ 'ಮಕ್ಕಳು ಹೋದ ಮೇಲೆ' ಎಂದೇ ಇರಬೇಕು. ಗೇಟಿನ ಚಿಲಕ ಮಗುವಿನ ಕೈಗೆ ಎಟುಕಬಾರದು.

ಓದಿನ ಮಟ್ಟ ತಿಳಿಯಲು ಕರಪತ್ರ ಬೇಡ. ನರ್ಸರಿ ಮಗುವಿನ ಹಳೆಯ ನೋಟ್‌ಬುಕ್ ತೋರಿಸಿ ಅನ್ನಿ. ಮೂರು ವರ್ಷಕ್ಕೇ ನಾಲ್ಕು ಗೆರೆ ಪುಸ್ತಕದಲ್ಲಿ ಸಾಲು ಸಾಲು ಎಬಿಸಿಡಿ ಇದ್ದರೆ ಅದು ಹೆತ್ತವರನ್ನು ಮೆಚ್ಚಿಸಲು ಬರೆಸಿದ್ದು. ಆ ವಯಸ್ಸಿನಲ್ಲಿ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲ ಇರುವುದಿಲ್ಲ. ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ಆ ಹಿಡಿತ ಆಮೇಲೆ ಬಿಡಿಸುವುದು ಕಷ್ಟ. ಮಣಿ ಪೋಣಿಸುವುದು, ಕಣಕ ನಾದುವುದು, ಕಾಗದ ಹರಿಯುವುದು, ದಪ್ಪ ಬಳಪ, ಇವು ಕಂಡರೆ ಒಳ್ಳೆಯದು. ಗೋಡೆ ಮೇಲಿನ 20 ಚಿತ್ರವೂ ಒಂದೇ ಥರ ಇದ್ದರೆ ಬಿಡಿಸಿದ್ದು ಟೀಚರ್.

ಕೊನೆಗೆ ಬಿಡುವ ಹೊತ್ತು ಗೇಟಿನ ಹತ್ತಿರ ಹದಿನೈದು ನಿಮಿಷ ನಿಲ್ಲಿ. ಬಂದವರ ಮುಖ ನೋಡಿ, ಪುಸ್ತಕದಲ್ಲಿ ಸಹಿ ಹಾಕಿಸಿ ಮಗುವನ್ನು ಕೊಡುತ್ತಿದ್ದಾರೆಯೇ, 'ಯಾರ ಅಪ್ಪ ಬಂದ್ರು' ಎಂದು ಕೂಗಿ ಬಿಡುತ್ತಿದ್ದಾರೆಯೇ? ಉಳಿದದ್ದೆಲ್ಲ ಚೆನ್ನಾಗಿದ್ದರೂ ಇದೊಂದು ಸಡಿಲ ಇದ್ದರೆ ನಾನು ಸೇರಿಸಿ ಎನ್ನುವುದಿಲ್ಲ.

ಅಪ್ಪನ ಕೆರಿ ದಂಡಿ

ಸಣ್ಣಾಂವಗ ಪ್ಲೇಹೋಮ್ ಅವಸರ ಮಾಡಬ್ಯಾಡ್ರಿ. ಜೂನ್‌ಗೆ ಅವನಿಗಿನ್ನೂ ಮೂರು ತುಂಬಿರಂಗಿಲ್ಲ. ಅಕ್ಟೋಬರ್‌ದಾಗ ಮೂರಾಗ್ತದ, ಆಗ ಅಂಗನವಾಡಿಗೆ ಹಾಕ್ಬಹುದು. ಅಲ್ಲಿ ವರ್ಷದ ನಡುವೆ ಸೇರಿಸಿಕೋತಾರ, ಫೀ ಇಲ್ಲ, ಊಟ, ಹಾಲು, ಮೊಟ್ಟೆ ಇರ್ತದ, ತೂಕ ನೋಡ್ತಾರ. ತಾಯಿ ಕಾರ್ಡು, ಆಧಾರ್ ತಗೊಂಡು ಹೋಗ್ರಿ. ಆದ್ರ ಒಂದೊಂದು ಕೇಂದ್ರ ಒಂದೊಂದು ಥರ. ಟೀಚರ್ ಪಾಠ ಮಾಡ್ತಾರೋ ಬರೀ ಸರ್ವೆ, ಮೀಟಿಂಗ್ ಅಂತ ತಿರಗ್ತಿರ್ತಾರೋ, ವಾರದಾಗ ಎರಡು ದಿನ ಸುಮ್ನ ಹೋಗಿ ನೋಡಿದ್ರ ತಿಳೀತದ.

ಮಗಳಿಗೆ ಸರ್ಕಾರಿ ಶಾಲಿಯ ಎಲ್‌ಕೆಜಿನೂ ಲೆಕ್ಕಕ್ಕ ತಗೋರಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಕ್ಷರ ಆವಿಷ್ಕಾರ ಯೋಜನೆಯೊಳಗ ಈ ಭಾಗದ ಸರ್ಕಾರಿ ಶಾಲಿಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದಾರ. ಮನಿ ಹತ್ತಿರ ಯಾವ ಶಾಲಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಾಗ ಕೇಳ್ರಿ. ಶಹರದಾಗ ಉತ್ತರ ವಲಯ, ದಕ್ಷಿಣ ವಲಯ ಅಂತ ಎರಡು ಅದಾವ.

ಖಾಸಗಿ ಆದ್ರ ರೊಕ್ಕದ ಲೆಕ್ಕ ಬರೆಸ್ಕೊಳ್ರಿ: ಅಡ್ಮಿಷನ್, ಟರ್ಮ್ ಫೀ, ಪುಸ್ತಕದ ಕಿಟ್ಟು, ಯುನಿಫಾರಂ, ವ್ಯಾನ್ 10 ತಿಂಗಳೋ 12 ತಿಂಗಳೋ. ವರ್ಗಾವಣೆ ನೌಕರಿ ಅಂದ್ರ ನಡುವೆ ಬಿಟ್ಟರ ಯಾವುದು ವಾಪಸ್ ಬರ್ತದ ಅನ್ನೋದೂ ಅದರಾಗ ಇರ್ಲಿ. ಬಾಯಿಮಾತು ನಡೆಯಂಗಿಲ್ಲ. ಬರೀ ಯುಕೆಜಿ ತನಕ ಇರೋ ಕಡೆ ಸೇರಿಸಿದ್ರ 1ನೇ ತರಗತಿಗೆ ಮತ್ತ ಅಡ್ಮಿಷನ್ ಫೀ ತೆರಬೇಕಾಗ್ತದ.

ಇನ್ನೊಂದು. ಇಲ್ಲಿ ತರಗತಿಯೊಳಗ ಕನ್ನಡದ ಜೊತಿ ಉರ್ದು, ಹಿಂದಿ ಮಾತಾಡೋ ಮಕ್ಕಳು ಇರ್ತಾರ, ಆಯಾನೂ ಹಂಗೇ. ಮಗಳು ನೀರು, ಶೌಚ, ಹೊಟ್ಟಿನೋವಿಗೆ ಏನು ಅಂತಾಳ, ಅದನ್ನ ಚೀಟಿಯೊಳಗ ಬರದು ಮೊದಲ ದಿನವೇ ಆಯಾ ಕೈಗೆ ಕೊಡ್ರಿ, ಓದಿ ಹೇಳ್ರಿ.

ಗಂಟುಮೂಟೆ

ತುಂಬಾ ಉಪಕಾರ ಆಯ್ತು. ಮಾರ್ಚ್‌ನಲ್ಲೇ ಒಂದು ದಿನ ಬಂದು ಹೋಗ್ತೀವಿ. ಒಂದೇ ಅನುಮಾನ: ಇಲ್ಲಿನ ಎಲ್‌ಕೆಜಿ ಪ್ರೋಗ್ರೆಸ್ ಕಾರ್ಡ್ ನೋಡಿ ಅವರೇ ಯುಕೆಜಿಗೆ ಹಾಕಿಬಿಟ್ರೆ?

ತೊಗರಿ ನಾಡು

ಹಾಕ್ತಾರ, ಅದಕ್ಕೇ ಅರ್ಜಿಯೊಳಗ ತರಗತಿ ಕಾಲಂ ನೀವೇ ತುಂಬ್ರಿ. ಜನನ ಪ್ರಮಾಣಪತ್ರದ ಮ್ಯಾಲೇ ಎಲ್‌ಕೆಜಿಗೆ ಸೇರಿಸ್ರಿ. ಪ್ರೋಗ್ರೆಸ್ ಕಾರ್ಡ್ ಕೊಡಲೇಬೇಕು ಅಂತಿಲ್ಲ, ಕೇಳಿದ್ರ ಮಾತ್ರ ತೋರಿಸ್ರಿ. ರಸೀದಿ ಮ್ಯಾಲೆ 'ಎಲ್‌ಕೆಜಿ' ಅಂತ ಬಂದದೋ ಇಲ್ಲೋ ಕೌಂಟರ್ ಬಿಡೂಕಿಂತ ಮೊದಲು ನೋಡ್ಕೊಳ್ರಿ.